ಇದ್ದವರ ಹೆಸರು

ಮಗುವಿನ ಲಂಗೋಟಿಗಳನ್ನು ಹಿಂಡಿ ಹಿತ್ತಲ ತಂತಿಗೆ ಹಾಕುತ್ತಿದ್ದ ವೈಶಾಲಿಗೆ ಒಳಗಿನಿಂದ ಆ ಹೆಸರು ಕೇಳಿಸಿತು. ಎತ್ತಿದ ಕೈ ಹಾಗೆಯೇ ನಿಂತಿತು. ಹಿಂಡಿದ ಬಟ್ಟೆಯಲ್ಲಿ ಉಳಿದಿದ್ದ ನೀರು ಮೊಣಕೈವರೆಗೆ ಇಳಿದು ಬಂತು.

“ದಾಕ್ಷಾಯಣಿ,” ನಡುಮನೆಯಲ್ಲಿ ಸೊಸೆ ಪ್ರಾಜಕ್ತಾ ಮೊಬೈಲು ನೋಡುತ್ತ ಇನ್ನೊಮ್ಮೆ ಓದಿದಳು. “ಎಷ್ಟು ಚಲೋ ಐತಿ ನೋಡ್ರಿ. ಈಗ ಇಂಥಾವ ಟ್ರೆಂಡ್ ಅದಾವ.”

“ನನಗ ಮುದುಕಿ ಹೆಸರಿನಂಗ ಕೇಳಸ್ತೈತಿ,” ಎಂದ ಮಗ ಮಹಾಂತ. “ಕೋಲು ಹಿಡ್ಕೊಂಡು ಬಂದಂಗ.”

“ಮುದುಕಿ ಹೆಸರ ಬೇಕು. ಅಜ್ಜಿ ಕಾಲದ್ದು ಈಗ ಕ್ಲಾಸಿಕ್. ಅವ್ವಂದಿರ ಕಾಲದ್ದು ಮಾತ್ರ ಇಡಬಾರದು. ಸುನೀತಾ, ಅನಿತಾ, ವೈಶಾಲಿ... ಅವು ಹಳೇವೂ ಅಲ್ಲ, ಹೊಸಾವೂ ಅಲ್ಲ. ನಡಕ ಸಿಕ್ಕೊಂಡಾವ.” ಅಂದವಳೇ ದನಿ ಇಳಿಸಿದಳು. “ಅಯ್ಯ, ಅತ್ತಿ ಹಿತ್ತಲದಾಗ ಅದಾರೇನ?”

ಮಹಾಂತ ನಕ್ಕ. “ಅದಾಳ. ನಿನ್ನ ಮಗಳ ಬಟ್ಟಿ ಒಗ್ಯಾಕತ್ತಾಳ.”

ವೈಶಾಲಿಗೆ ಬೇಜಾರಾಗಲಿಲ್ಲ. ತಾಯಿಯಿಲ್ಲದ ಹುಡುಗಿ ಎಂದು ಪ್ರಾಜಕ್ತಾಳ ಬಾಣಂತನವನ್ನು ಜತ್ತದ ಈ ಮನೆಯಲ್ಲೇ, ತಾನೇ ಮಾಡುತ್ತಿದ್ದಳು. ಎಣ್ಣೆ ಹಚ್ಚಿ, ನೀರು ಹಾಕಿ, ಕೆಂಡದ ಹೊಗೆ ಕೊಡುವಾಗ ಹುಡುಗಿ ಅವಳ ಹೆಗಲಿಗೆ ತಲೆಯೊರಗಿಸಿ ನಿದ್ದೆ ಹೋಗುತ್ತಿದ್ದಳು. ಅವಳ ಮಾತಿನಲ್ಲಿ ವಿಷ ಇರಲಿಲ್ಲ. ವಿಷ ಇದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ದಾಕ್ಷಾಯಣಿ ಎಂಬುದು ವೈಶಾಲಿಯ ಸ್ವಂತ ಹೆಸರು.

ಸನಮಡಿಯ ಬಸಗೊಂಡನ ಹಿರಿಯ ಮಗಳಾಗಿ ಹುಟ್ಟಿ, ಮದುವೆಯ ದಿನ ಮಧ್ಯಾಹ್ನದವರೆಗೂ ಅವಳು ದಾಕ್ಷಾಯಣಿಯೇ ಆಗಿದ್ದಳು. ಅಪ್ಪ ಆ ಹೆಸರನ್ನು ಎಂದೂ ಮೊಟಕು ಮಾಡಿದವನಲ್ಲ. ಹೊಲದ ಆ ಬದುವಿನಿಂದ ಕೂಗಿದರೂ ನಾಲ್ಕಕ್ಷರವನ್ನೂ ಪೂರ್ತಿ ಕೂಗುತ್ತಿದ್ದ. ಕೊನೆಯದನ್ನು ಎಳೆದು ಬಿಡುತ್ತಿದ್ದ. ಬುತ್ತಿ ಹೊತ್ತ ಹುಡುಗಿ ‘ಓ’ ಎಂದು ಓಡುತ್ತಿದ್ದಳು.

ಮದುವೆಯಲ್ಲಿ ಈ ಕಡೆಯ ರೂಢಿಯಂತೆ ಗಂಡ ಈಶ್ವರ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಅವಳ ಹೊಸ ಹೆಸರು ಬರೆದಿದ್ದ. ದಾಕ್ಷಾಯಣಿ ಬೇಡ ಎಂದವಳು ಅತ್ತೆ. ತಂದೆಯ ಮನೆಯಲ್ಲಿ ಬೆಂಕಿಗೆ ಹಾರಿದವಳ ಹೆಸರು, ಅಂಥ ಹೆಸರು ನಮ್ಮ ಹೊಸ್ತಿಲು ದಾಟಬಾರದು ಎಂದಳು. ಈಶ್ವರನಿಗೆ ಬೆಂಕಿಯ ಚಿಂತೆ ಇರಲಿಲ್ಲ. ಕಾಲೇಜಿನ ಗೆಳೆಯರು ನಗುತ್ತಾರೆ ಎಂಬುದಿತ್ತು. ವೈಶಾಲಿ ಎಂದು ಬರೆದ. ಅಕ್ಕಿಯಲ್ಲಿ ‘ವೈ’ ಸರಿಯಾಗಿ ಮೂಡದೆ ಎರಡನೆಯ ಸಲ ತಿದ್ದಿದ. ಆಮೇಲೆ ಆ ಅಕ್ಕಿಯನ್ನು ಪಾಯಸಕ್ಕೆ ಹಾಕಿದರು.

ಅಪ್ಪ ಅವಳ ಹೊಸ ಹೆಸರನ್ನು ಒಂದು ಸಲವೂ ಕರೆಯಲಿಲ್ಲ. ಅಳಿಯನ ಮನೆಗೆ ಬಂದಾಗ ಹಳೆಯದನ್ನು ಕರೆಯಲೂ ಅಂಜಿ, ‘ಮಗಳ’ ಎಂದಷ್ಟೇ ಅನ್ನುತ್ತಿದ್ದ. ಅಪ್ಪ ಹೋದ, ಅವ್ವ ಹೋದಳು. ತಮ್ಮಂದಿರಿಗೆ ಅವಳು ಯಾವತ್ತೂ ‘ಅಕ್ಕ’. ರೇಶನ್ ಕಾರ್ಡಿನಲ್ಲಿ, ಆಧಾರದಲ್ಲಿ, ಮಕ್ಕಳ ಸಾಲೆಯಲ್ಲಿ ಎಲ್ಲ ಕಡೆ ವೈಶಾಲಿ. ಮಕ್ಕಳಿಗೆ ಹೇಳಬೇಕೆಂದು ಒಂದೆರಡು ಸಲ ಅನಿಸಿತ್ತು. ಆದರೆ ಊಟಕ್ಕೆ ಕುಳಿತಾಗಲೋ ಹೋಮ್‌ವರ್ಕ್ ನೋಡುವಾಗಲೋ ‘ನನ್ನ ಹೆಸರು ಬೇರೆ ಇತ್ತು’ ಎಂದು ಯಾವ ತಾಯಿ ಹೇಳುತ್ತಾಳೆ?

ಸಂಜೆ ಈಶ್ವರ ಪೈಪು-ಮೋಟರಿನ ಅಂಗಡಿ ಮುಚ್ಚಿ ಬಂದಾಗ ಪ್ರಾಜಕ್ತಾ ಹೆಸರನ್ನು ಅವನ ಮುಂದಿಟ್ಟಳು. ಹಿಂದಿನ ವಾರ ಅವಳು ‘ಕಾಶಿ’ ಎಂದಿದ್ದಾಗ ಅವನು ಒಂದೇ ಮಾತಿನಲ್ಲಿ ತೆಗೆದುಹಾಕಿದ್ದ. ಯಳವಿಯಲ್ಲಿ ಅವನ ಚಿಕ್ಕಮ್ಮ ಕಾಶವ್ವ ಇನ್ನೂ ಇದ್ದಳು. ಹಾಸಿಗೆ ಹಿಡಿದಿದ್ದರೂ ಇದ್ದಳು. ಈ ಮನೆತನದಲ್ಲಿ ಸತ್ತವರ ಹೆಸರು ಇಡಬಹುದು, ಇದ್ದವರದು ಇಡುವಂತಿಲ್ಲ. ಇಟ್ಟರೆ ಅವರ ಆಯುಷ್ಯ ಕೂಸಿಗೆ ಹೋಗುತ್ತದೆ ಎಂಬ ನಂಬಿಕೆ.

“ದಾಕ್ಷಾಯಣಿ,” ಈಶ್ವರ ಬಾಯಲ್ಲಿ ಹೊರಳಿಸಿ ನೋಡಿದ. “ಚಲೋ ಐತಿ. ತೂಕ ಐತಿ ಹೆಸರಿಗಿ. ನಮ್ಮ ಕಡೆ ಯಾರದೂ ಇಲ್ಲ.” ಆಮೇಲೆ ಅಡಿಗೆಮನೆಯ ಕಡೆ ತಿರುಗಿದ. “ಏನ ವೈಶಾಲಿ, ನಿಮ್ಮ ಸನಮಡಿ ಕಡೆ ಯಾರರೆ ಅದಾರೇನ ಈ ಹೆಸರಿನವರು?”

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಅವನ ಮುಖ ನೋಡಿದಳು. ಕೀಟಲೆ ಇದ್ದೀತೆ ಎಂದು ನೋಡಿದಳು. ಇರಲಿಲ್ಲ. ಗಿರಾಕಿಗೆ ಪೈಪಿನ ಅಳತೆ ಕೇಳುವ ಮುಖ ಅದು.

ನನ್ನದೇ ಎಂದರೆ ಹೆಸರು ಹೋಗುತ್ತದೆ. ನಾಳೆಯೇ ಮೊಬೈಲಿನಿಂದ ಇನ್ನೊಂದು ಬರುತ್ತದೆ. ಈ ಮನೆಯಲ್ಲಿ ಆ ನಾಲ್ಕಕ್ಷರ ಮತ್ತೆ ಯಾರ ಬಾಯಲ್ಲೂ ಬರುವುದಿಲ್ಲ.

“ಒಬ್ಬಾಕಿ ಇದ್ದಳು,” ಅಂದಳು.

“ಇದ್ದಳು ಅಂದ್ರ? ಹೋದಳೇನ?”

“ಹೋದಳು.”

“ಹಂಗಾದ್ರ ಅಡ್ಡಿಯಿಲ್ಲ,” ಎಂದು ಈಶ್ವರ ಕೈ ತೊಳೆಯಲು ಎದ್ದ. ಯಾರು ಎಂದು ಕೇಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಅದನ್ನು ಅವಳು ತನ್ನ ತಾಟಿಗೆ ಹಾಕಿಕೊಂಡಳು.

ಆಮೇಲಿನ ದಿನಗಳಲ್ಲಿ ಅವಳು ಕಾದಳು. ಹಲ್ಲು ತಿಕ್ಕುವಾಗ, ಚಹಾ ಕುಡಿಯುವಾಗ, ಯಾವುದೋ ಗಳಿಗೆಯಲ್ಲಿ ಅವನಿಗೆ ತಟ್ಟನೆ ನೆನಪಾಗಬಹುದು. ನೆನಪಾದರೆ ಹೆಸರು ಕೈತಪ್ಪುತ್ತದೆ ಎಂದು ಗೊತ್ತಿತ್ತು. ಆದರೂ ನೆನಪಾಗಲಿ ಎಂದು ಕಾದಳು. ಅವನು ಪೆಂಡಾಲಿನವನಿಗೆ ಫೋನು ಮಾಡಿದ, ಪೇಢೆಗೆ ಹೇಳಿದ, ಹೆಸರು ಬರೆದ ಬ್ಯಾನರು ತಂದು ಬಿಚ್ಚಿ ತೋರಿಸಿದ. “ಹ್ಯಾಂಗೈತಿ?” ಎಂದ. ಅವಳು “ಚಲೋ ಐತಿ” ಅಂದಳು.

ತೊಟ್ಟಿಲ ದಿನ ಬೆಳಿಗ್ಗೆ ಸೊರಡಿಯಿಂದ ಈಶ್ವರನ ಅಕ್ಕ ಭಾಗವ್ವ ಬಂದಳು. ಸೊಂಟ ಬಾಗಿದ್ದರೂ ನಾಲಿಗೆ ನೆಟ್ಟಗಿತ್ತು.

“ಏನ ಹುಡುಗಿ, ಇಷ್ಟು ಸೊರಗೀದಿ? ಬಾಣಂತಿ ಯಾರು, ನೀನೋ ನಿನ್ನ ಸೊಸಿನೋ?”

“ಕುಂದ್ರಿ ಅಕ್ಕಾರ, ಚಹಾ ತರ್ತೀನಿ.”

“ಚಹಾ ಇರವಲ್ದ್ಯಾಕ. ಕೂಸಿಗಿ ಏನ ಹೆಸರಿಡ್ತೀರಿ? ಬಾಗಲದಾಗ ಬೋರ್ಡ ತೂಗ ಹಾಕೀರಿ, ನನಗೇನ ಓದಾಕ ಬರತೈತಿ?”

ವೈಶಾಲಿ ಹೇಳಿದಳು. ತನ್ನ ಬಾಯಿಂದಲೇ ಆ ಹೆಸರು ಹೊರಟಿದ್ದು ಕೇಳಿ ಅವಳಿಗೇ ಬೆರಗಾಯಿತು.

ಭಾಗವ್ವ ತಂಬಾಕು ತಿಕ್ಕುತ್ತಿದ್ದ ಹೆಬ್ಬೆರಳು ನಿಲ್ಲಿಸಿದಳು. “ಅದು ನಿನ್ನ ಹೆಸರಲ್ಲೇನ?”

“ಸಣ್ಣಕ ಮಾತಾಡ್ರಿ.”

“ಈಶ್ವರಗ ನೆನಪಿಲ್ಲ? ಅಂವನ ಅಲ್ಲ ಅಕ್ಕ್ಯಾಗ ಬರದಾಂವ?”

“ಬರದದ್ದು ನೆನಪೈತಿ. ಅಳಿಸಿದ್ದು ನೆನಪಿಲ್ಲ.”

ಮುದುಕಿ ಎದ್ದು ನಿಂತಳು. “ತಡಿ, ನಾ ಹೇಳ್ತೀನಿ. ಇದ್ದಾಕಿ ಹೆಸರಿಡೂದಂದ್ರೇನ? ನಿನಗೇನರೆ ಆದ್ರ?”

ವೈಶಾಲಿ ಅವಳ ಸೆರಗು ಹಿಡಿದಳು. “ಬ್ಯಾಡ್ರಿ ಅಕ್ಕಾರ. ನನ್ನ ಆಯುಷ್ಯಾನ ಹ್ವಾದ್ರ ಹೋಗವಲ್ದ್ಯಾಕ. ನಮ್ಮಪ್ಪ ಕರೀತಿದ್ದ ಹೆಸರು. ಈ ಮನ್ಯಾಗ ಒಂದ ಸಲಾ ಯಾರರೆ ಜೋರಾಗಿ ಕರೀಲಿ. ಕಿವೀಲೆ ಕೇಳ್ತೀನಿ, ಅಷ್ಟ ಸಾಕು. ನಿಮ್ಮ ಕಾಲ ಬೀಳ್ತೀನಿ, ನಂದಂತ ಹೇಳಬ್ಯಾಡ್ರಿ.”

ಭಾಗವ್ವ ಸೆರಗು ಬಿಡಿಸಿಕೊಂಡು ಮತ್ತೆ ಕುಳಿತಳು. “ನಿಂದಂತ ಹೇಳೂದಿಲ್ಲ ತಗೋ,” ಎಂದು ತಂಬಾಕನ್ನು ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನ ನಡುಮನೆ ತುಂಬಿತು. ಹೂವು ಸುತ್ತಿದ ತೊಟ್ಟಿಲ ಮುಂದೆ ಹೆಂಗಸರು ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸಿ ತೂಗಿದರು, ನಗುತ್ತ ಅದನ್ನು ತೊಟ್ಟಿಲ ಕೆಳಗಿಂದ ಒಬ್ಬರಿಗೊಬ್ಬರು ದಾಟಿಸಿದರು. ಆಮೇಲೆ ಕೂಸನ್ನು ಮಲಗಿಸಿದರು. ಹೆಸರು ಕಿವಿಯಲ್ಲಿ ಹೇಳುವವಳು ಸೋದರತ್ತೆ. ವೈಶಾಲಿಯ ಮಗಳು ಉಮಾಶ್ರೀ ಕಾಸೆ ಬಿಗಿದವಳಂತೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಹೆಸರು ಹೇಳುವಾಗ ಅವಳ ಬೆನ್ನಿಗೆ ಉಳಿದವರು ಗುದ್ದಬೇಕು.

“ಹಗೂರಕ ಗುದ್ರಿ, ನನಗ ಬೆನ್ನನೋವೈತಿ,” ಅಂದಳು ಉಮಾಶ್ರೀ.

“ಬೆನ್ನನೋವು ಗಂಡನ ಮುಂದ ಹೇಳ, ಇಲ್ಲಿ ನಡ್ಯೂದಿಲ್ಲ,” ಎಂದು ಯಾರೋ ಕೈ ಮಸೆದರು. ನಗೆ ಎದ್ದಿತು.

“ತಡೀರಿ,” ಎಂದಳು ಭಾಗವ್ವ.

ಗುಗ್ಗರಿ ತುಂಬಿದ ಅಗಲ ಪರಾತ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈಶಾಲಿ ತಟ್ಟನೆ ಅವಳ ಕಡೆ ನೋಡಿದಳು.

“ಈ ಹೆಸರು ಬ್ಯಾಡ,” ಭಾಗವ್ವ ತಮ್ಮನ ಕಡೆ ನೋಡಿ ಹೇಳಿದಳು. “ಅಪ್ಪನ ಮನ್ಯಾಗ ಬೆಂಕ್ಯಾಗ ಹಾರಿದಾಕಿ ಹೆಸರು. ನಮ್ಮವ್ವ ಏನ ಅಂದಿದ್ದಳು ನೆನಪ ಮಾಡ್ಕೊ ಈಶ್ವರ. ಈ ಹೆಸರು ನಮ್ಮ ಹೊಸ್ತಲಾ ದಾಟಬಾರದು ಅಂದಿದ್ದಳು. ಯಾವಾಗ ಅಂದಿದ್ದಳು, ಯಾರಿಗಿ ಅಂದಿದ್ದಳು, ನೆನಪ ಮಾಡ್ಕೊ.”

ಈಶ್ವರ ಹುಬ್ಬು ಗಂಟಿಕ್ಕಿದ. ವೈಶಾಲಿಯ ಬೆರಳುಗಳು ಪರಾತದ ಅಂಚಿಗೆ ಅಂಟಿಕೊಂಡವು. ನೆನಪಾಗಲಿ, ಆಗದಿರಲಿ ಎಂದು ಎರಡನ್ನೂ ಒಟ್ಟಿಗೇ ಬೇಡಿಕೊಂಡಳು.

ಈಶ್ವರ ನಕ್ಕುಬಿಟ್ಟ. “ಏ ಅಕ್ಕ, ಅವ್ವ ಸಾವಿರ ಮಾತ ಆಡ್ತಿದ್ದಳು. ಅವೆಲ್ಲಾ ಯಾರ ನೆನಪ ಇಡ್ತಾರ? ಹೆಸರಿನ್ಯಾಗ ಎಲ್ಲಿ ಬೆಂಕಿ ಇರತೈತಿ? ಅದು ಹಳೀ ಮಂದಿ ಹುಚ್ಚು.”

“ಬರೋಬರಿ ಹೇಳಿದ್ರಿ ಮಾವಾರ,” ಎಂದಳು ಪ್ರಾಜಕ್ತಾ, ಹೊಸ ಸೀರೆಯಲ್ಲಿ ಬೆವರುತ್ತ. “ಹೆಸರು ಚಂದ ಇದ್ರ ಮುಗೀತು.”

ಭಾಗವ್ವ ಬಾಗಿಲ ಕಡೆ ಒಮ್ಮೆ ನೋಡಿ, ಗೋಡೆಗೆ ಒರಗಿದಳು.

ಒಂದು ನಗೆಯಲ್ಲಿ ಮುಗಿಯಿತು. ಇಷ್ಟು ಹಗುರದ ಮಾತಿಗಾಗಿ ಅಂದು ಅಪ್ಪ ಮಂಟಪದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಇದೇ ನಗೆ ಅವತ್ತು ಇವನಿಗೆ ಬಂದಿದ್ದರೆ ಎಂದುಕೊಂಡಳು ವೈಶಾಲಿ. ಮುಂದೆ ಯೋಚಿಸಲು ಹೊತ್ತಿರಲಿಲ್ಲ. ಉಮಾಶ್ರೀ ಆಗಲೇ ತೊಟ್ಟಿಲಿಗೆ ಬಾಗಿದ್ದಳು. ಹೆಂಗಸರು ಮುಗಿಬಿದ್ದು ಗುದ್ದಿದರು. “ಕೊಲ್ತೀರೇನ, ಸಾಕ ಬಿಡ್ರಿ!” ಎಂದು ಚೀರಿ ನೆಟ್ಟಗಾದ ಉಮಾಶ್ರೀ, ಕೆದರಿದ ಕೂದಲಲ್ಲೇ ಗಟ್ಟಿಯಾಗಿ ಕೂಗಿದಳು:

“ದಾಕ್ಷಾಯಣೀ!”

“ದಾಕ್ಷಾಯಣೀ!” ಎಂದರು ಎಲ್ಲರೂ.

ವೈಶಾಲಿ ಉಸಿರು ಬಿಗಿ ಹಿಡಿದು ಕೇಳಿದಳು. ಇನ್ನೊಮ್ಮೆ ಕೂಗಿದರು. ಗಂಡಸರೂ ಕೂಗಿದರು, ಈಶ್ವರನ ದನಿ ಎಲ್ಲರಿಗಿಂತ ಮೇಲಿತ್ತು. ಕೊನೆಯ ಅಕ್ಷರವನ್ನು ಅಪ್ಪ ಎಳೆದಷ್ಟೇ ಉದ್ದಕ್ಕೆ ಎಳೆದರು. ಅವಳು ಕಾದಳು. ಎಲ್ಲೋ ಒಳಗಿನಿಂದ ಬುತ್ತಿ ಹೊತ್ತವಳೊಬ್ಬಳು ‘ಓ’ ಅನ್ನಬೇಕಿತ್ತು. ಯಾರೂ ಅನ್ನಲಿಲ್ಲ. ಹೆಸರು ಅವಳ ಪಕ್ಕದಿಂದಲೇ ಹಾದು, ನೆರೆಮನೆಯ ಯಾರನ್ನೋ ಕರೆದಂತೆ ಹೋಯಿತು. ತುಟಿಯಲ್ಲಿ ತಾನೇ ಒಮ್ಮೆ ಹೇಳಿಕೊಂಡು ನೋಡಿದಳು. ಮೈಮೇಲೆ ಒಂದು ಕೂದಲೂ ಏಳಲಿಲ್ಲ.

“ಭಾಳ ಉದ್ದಾತವ್ವ, ಕರ್ಯಾಕ ಬಾಯಿ ನೋಯತೈತಿ,” ಅಂದಳು ಉಮಾಶ್ರೀ.

“ಮನ್ಯಾಗ ದಕ್ಷು ಅನ್ನೂದು,” ಎಂದಳು ಪ್ರಾಜಕ್ತಾ. “ಅದ ಠರಾವ ಆಗೈತಿ.”

“ವೈಶಾಲೀ, ಸಕ್ಕರಿ ತಾ ಲಗೂನ!” ಈಶ್ವರ ಕೂಗಿದ.

ಮಾತು ಮುಗಿಯುವ ಮೊದಲೇ ಅವಳ ಕಾಲು ಒಳಗೆ ತಿರುಗಿದ್ದವು. “ಬಂದೆ,” ಎಂದು ಬಾಯಿ ಆಮೇಲೆ ಹೇಳಿತು.

ಸಕ್ಕರೆ ಡಬ್ಬಿಗೆ ಇರುವೆ ಹತ್ತಿದ್ದವು. ಅವಳು ಸಕ್ಕರೆಯನ್ನು ತಾಟಿಗೆ ಸುರಿದು, ನೆಲಕ್ಕೆ ಕುಳಿತು, ತೆಳ್ಳಗೆ ಹರಡಿದಳು. ಹೊರಗೆ ಎಲ್ಲರೂ “ದಕ್ಷು, ದಕ್ಷು” ಎಂದು ಚಿಟಿಕೆ ಹೊಡೆಯುತ್ತಿದ್ದರು. ಅವಳು ಬೆರಳ ತುದಿಯಿಂದ ಇರುವೆಗಳನ್ನು ಒಂದೊಂದಾಗಿ, ಸಾಯದಂತೆ, ಬದಿಗೆ ಸರಿಸುತ್ತ ಕುಳಿತಳು.