ಪುಸ್ ಡಾಕ್ಟರ ಸ್ಪ್ರೇ

ನಮ್ಮ ಬೇಕರಿ ಯಜಮಾನನಿಗೆ ನಾವಿಟ್ಟ ಹೆಸರು ಪುಸ್ ಡಾಕ್ಟರು. ಹಿಂದಿನ ಕೋಣೆಯಲ್ಲಿ ಸಕ್ಕರೆ ಪಾಕ ಕುದಿಯತೊಡಗಿದರೆ ಸಾಕು, ಕಿಟಕಿಯಿಂದ ಕಣಜದ ಹುಳುಗಳು ನುಗ್ಗುತ್ತಿದ್ದವು. ಒಂದು ಜಾಲರಿ ಹಾಕಿಸಿ ಎಂದು ನಾನು ಎಷ್ಟು ಬಡಕೊಂಡರೂ ಆಸಾಮಿ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬದಲಿಗೆ ಔಷಧಿ ಅಂಗಡಿಯಿಂದ ಚರ್ಮ ಮರಗಟ್ಟಿಸುವ ಸ್ಪ್ರೇ ತಂದಿಟ್ಟ. ಯಾರಿಗಾದರೂ ಹುಳು ಕಚ್ಚಿತೋ, ಓಡಿ ಬಂದು ಪುಸ್ ಎನ್ನಿಸುವುದು, "ಈಗ ನೋವಿದ್ಯಾ?" ಎಂದು ಕೇಳುವುದು. ಇಲ್ಲ ಎಂದರೆ, "ಮತ್ತೇನಮ್ಮ, ನಡಿ ಕೆಲಸಕ್ಕೆ!"

ನೋವಿಲ್ಲದಿದ್ದರೆ ಕೈ ನೆಟ್ಟಗಿದೆ ಎಂದೇ ಆ ಮಹಾನುಭಾವನ ಲೆಕ್ಕ.

ಮೊನ್ನೆ ಹುಳು ನನ್ನ ತಂಗಿಯ ಬಲಗೈಗೇ ಕಚ್ಚಿತು. ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವ ಕೈ ಅದು. ಮುಂದೆ ತನ್ನದೇ ಅಂಗಡಿ ಇಡಬೇಕೆಂದು ಅವಳು ಕನಸು ಕಟ್ಟಿದ್ದು ಆ ಬೆರಳುಗಳನ್ನು ನಂಬಿ. ಯಜಮಾನ ಅಂಗೈ, ಬೆರಳು ಎಲ್ಲ ಬೆಳ್ಳಗಾಗುವ ತನಕ ಸ್ಪ್ರೇ ಹೊಡೆದ.

"ಸಾರ್, ಕೈಯೇ ನಂದಲ್ಲ ಅನ್ಸ್ತಿದೆ. ಸ್ವಲ್ಪ ಹೊತ್ತು ಕೂತ್ಕೊಳ್ಳಾ?"

"ನೀನು ಕೂತ್ರೆ ಓವನ್ನಲ್ಲಿರೋ ಬ್ರೆಡ್ಡು ನಿಮ್ಮಪ್ಪ ಬಂದು ತೆಗೀತಾನಾ?"

ಹಿಟ್ಟಿನ ಕೈಯಲ್ಲೇ ನಾನು ಎದ್ದು, "ನಾನು ತೆಗೀತೀನಿ, ಬಿಡೇ" ಎನ್ನುವಷ್ಟರಲ್ಲಿ ಅವಳು ಟ್ರೇ ಎಳೆದಾಗಿತ್ತು. ಬಿಸಿ ತಾಗದಂತೆ ಬಲಗೈಯಲ್ಲಿ ಹಿಡಿದಿದ್ದ ಬಟ್ಟೆ ಜಾರಿ ಬಿದ್ದದ್ದು ಪಾಪದವಳಿಗೆ ತಿಳಿಯಲೇ ಇಲ್ಲ. ಮೇಜಿನ ತನಕ ಆರಾಮಾಗಿ ಹೊತ್ತು ತಂದು, "ಏನೋ ಸೀದ ವಾಸನೆ ಅಲ್ವಾ ಅಕ್ಕಾ?" ಎಂದಳು.

ಸೀದದ್ದು ಅವಳದೇ ಚರ್ಮ.

ಯಜಮಾನ ಮತ್ತೆ ಅದೇ ಡಬ್ಬಿ ಹಿಡಿದು ಓಡಿ ಬಂದ. ಗಾಯದ ಮೇಲೆ ಬರೆ ಅಂದರೆ ಇದೇ. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡು ಬೀದಿಗೆ ಎಸೆದೆ.

"ಅವಳಿಗೇ ನೋವಿಲ್ಲ, ನಿಂದೇನಮ್ಮ ಕಿರುಚಾಟ?" ಎಂದ. ಅವನ ಬಾಯಿಗೆ ಮಣ್ಣು ಹಾಕ! ಹೊಡೆಯಲು ಎತ್ತಿದ ಕೈ ಇಳಿಸಿ, ತಂಗಿಯನ್ನು ಆಟೋ ಹತ್ತಿಸಿದೆ. ಹೊಡೆದೇ ಬರಬೇಕಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇವತ್ತು ಆಸ್ಪತ್ರೆಯಲ್ಲಿ ಬ್ಯಾಂಡೇಜು ಬದಲಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಸುಟ್ಟದ್ದು ಆಳಕ್ಕಿಳಿದಿದೆ, ಬೆರಳ ತುದಿಯ ನರಗಳೇ ಸತ್ತಿವೆ, ಸ್ಪರ್ಶ ವಾಪಸ್ಸು ಬರುವುದು ಕಷ್ಟ ಎಂದರು. ಅರ್ಧ ಗಂಟೆಯೊಳಗೆ ಇಳಿದುಹೋಗುವ ಸ್ಪ್ರೇಗೆ ಈ ಬೆಲೆ. ಒಳಗೆ ಬಂದೆ. ನರ್ಸಮ್ಮ ಹತ್ತಿಯಿಂದ ಅವಳ ಬೆರಳ ತುದಿ ಸವರುತ್ತಿದ್ದರು. ತಂಗಿ ನನ್ನ ಮುಖ ನೋಡಿ ನಕ್ಕಳು.

"ಆ ಸ್ಪ್ರೇ ಎಷ್ಟು ಜೋರಿದೆ ನೋಡಕ್ಕಾ, ಇನ್ನೂ ಇಳಿದೇ ಇಲ್ಲ."