ಕೈ ಊರದೆ ಏಳುವುದು

ಪರದೆಯ ಆಚೆ ಪೆನ್ನಿನ ಗುಂಡಿ ಒತ್ತಿದ ಸದ್ದು, ಟಕ್, ಮತ್ತೆ ಟಕ್ — ಫಿಸಿಯೋ ಹುಡುಗಿ ಏನೋ ಬರೆದುಕೊಳ್ಳುತ್ತಿದ್ದಾಳೆ, ನನ್ನ ಬಗ್ಗೆಯೇ, ಇನ್ಯಾರ ಬಗ್ಗೆ, ಈ ಹೊತ್ತಿಗೆ ಫಿಸಿಯೋಥೆರಪಿ ಕೋಣೆಯಲ್ಲಿ ನಾನೊಬ್ಬನೇ, ಬಲ ಮೊಣಕಾಲಿನ ಮೇಲೆ ಬಿಸಿ ಚೀಲ, ನೆತ್ತಿಯ ಮೇಲೆ ಫ್ಯಾನು, ಅದರ ಮೂರು ರೆಕ್ಕೆಗಳಲ್ಲಿ ಒಂದರ ಬಣ್ಣ ಬೇರೆ, ಎಲ್ಲಿಂದಲೋ ಕಿತ್ತು ತಂದು ಹಾಕಿದ್ದಾರೆ, ಇಂಥದ್ದು ನನ್ನ ಕಣ್ಣಿಗೆ ತಪ್ಪುವುದಿಲ್ಲ, ಇಪ್ಪತ್ತೊಂಬತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು, ಕಂಡಕ್ಟರುಗಳು ಬೆನ್ನ ಹಿಂದೆ ಹದ್ದು ಅನ್ನುತ್ತಾರೆ, ಅನ್ನಲಿ, ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವ ಧಾಟಿಯೇ ಬೇರೆ, ಕತ್ತು ಬಿಗಿಯಾಗಿರುತ್ತದೆ, ನಾನು ಮೆಟ್ಟಿಲು ಹತ್ತುವಾಗಲೇ ಹೇಳಿಬಿಡುತ್ತಿದ್ದೆ ಎಷ್ಟನೇ ಸೀಟು ಅಂತ — ಹತ್ತುತ್ತಿದ್ದೆ, ಈಗ ಆ ಮೆಟ್ಟಿಲೇ ಬೆಟ್ಟವಾಗಿದೆ, ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಕಾಲು ನನ್ನದಲ್ಲ, ಮರದ ಕೊರಡು. ಕೀಲು ಸವೆದಿದೆ ಅಂದವರೂ ಇವರೇ, ಆಡಿಸಿ ಆಡಿಸಿ ಅನ್ನುವವರೂ ಇವರೇ, ಸವೆದ ಚಕ್ರವನ್ನು ಯಾರಾದರೂ ಇನ್ನಷ್ಟು ಓಡಿಸುತ್ತಾರೆಯೇ, ಮೊದಲ ದಿನವೇ ಕೇಳಿದ್ದೆ, ಅದಕ್ಕವಳು, ಇದು ಚಕ್ರ ಅಲ್ಲ ಸರ್, ಜೀವ ಇರೋ ಕೀಲು, ಒಳಗಿನ ಜಿಡ್ಡು ಆಡಿಸಿದ್ರೇನೇ ಹರಡೋದು, ತೊಡೆ ಗಟ್ಟಿ ಆದ್ರೆ ಭಾರ ಅದು ಹೊರತ್ತೆ, ಮಂಡಿಗೆ ಆರಾಮ. ಎಷ್ಟು ಸಲೀಸಾಗಿ ಹೇಳಿದಳು, ಎಷ್ಟು ಜನಕ್ಕೆ ಇದನ್ನೇ ಒಪ್ಪಿಸಿದ್ದಾಳೋ, ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ, ಅವಳ ಮಂಡಿ ಎಂದಾದರೂ ನೊಂದಿದೆಯೇ.

ಮತ್ತೆ ಟಕ್. ಇದೆಲ್ಲ ಡಿಪೋಗೆ ಹೋಗುತ್ತದೆ, ನನಗೆ ಗೊತ್ತಿಲ್ಲವೇ, ಡಿಪೋದ ಡಾಕ್ಟರು ಆರು ವಾರ ಕೊಟ್ಟಿದ್ದಾರೆ, ಕಂಬಿ ಹಿಡಿಯದೆ ಬಸ್ಸು ಹತ್ತಿ ತೋರಿಸ್ಬೇಕು ನೀವು, ಇಲ್ದಿದ್ರೆ ಕೂತು ಮಾಡೋ ಕೆಲಸ ಕೊಡ್ತೀವಿ ಬಿಡಿ ಅಂದರು, ನಗುತ್ತಲೇ ಅಂದರು, ಕೂತು ಮಾಡುವ ಕೆಲಸ ಅಂದರೆ ಕಳೆದುಹೋದ ಸಾಮಾನಿನ ಕೋಣೆ, ಕೊಡೆಗಳು, ಒಂಟಿ ಚಪ್ಪಲಿಗಳು, ಯಾರೂ ಕೇಳಿಕೊಂಡು ಬಾರದ ಊಟದ ಡಬ್ಬಿಗಳು, ಅವುಗಳ ಸಾಲಿನಲ್ಲಿ ನಾನೂ ಒಬ್ಬ. ಮೂರು ವಾರ ಆಗಲೇ ಹೋಯಿತು. ಇನ್ನು ಮನೆಯಲ್ಲಿ ಇವಳು, ನನ್ನ ಹೆಂಡತಿ, ಅವಳೂ ಈ ಫಿಸಿಯೋ ಹುಡುಗಿಯೂ ಒಂದಾಗಿದ್ದಾರೆ, ಮೊನ್ನೆ ಅಡುಗೆಮನೆಯಲ್ಲಿ ಫೋನು ಹಿಡಿದು ಪಿಸುಪಿಸು, ಹೂಂ ಮೇಡಂ, ಹಾಳೆ ತುಂಬಾ ಟಿಕ್ ಇದೆ, ಆದ್ರೆ ಅವರು ಮಾಡಿದ್ದನ್ನ ನಾನು ಒಂದು ದಿನಾನೂ — ನನ್ನನ್ನು ಕಂಡು ಮಾತು ನುಂಗಿದಳು, ಏನ್ರೀ, ಕಾಫಿ ಬೇಕಾ ಅಂದಳು, ಕಾಫಿ ಕುಡಿದು ಹತ್ತು ನಿಮಿಷ ಆಗಿರಲಿಲ್ಲ. ಆ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ, ಐದು ವ್ಯಾಯಾಮ, ಬೆಳಿಗ್ಗೆಗೊಂದು ಸಂಜೆಗೊಂದು ಟಿಕ್, ಒಂದೇ ಪೆನ್ನಿನಲ್ಲಿ ಹಾಕಿದರೆ ಸಿಕ್ಕಿಬೀಳುತ್ತೇನೆ ಅಂತ ಒಂದು ದಿನ ನೀಲಿ, ಒಂದು ದಿನ ಕಪ್ಪು, ಎರಡು ದಿನ ಬೇಕೆಂದೇ ಖಾಲಿ ಬಿಟ್ಟೆ, ಪೂರ್ತಿ ತುಂಬಿದ ಹಾಳೆಯನ್ನು ನಾನಾಗಿದ್ದರೆ ನಂಬುತ್ತಿರಲಿಲ್ಲ. ಸೋಮಾರಿತನ ಅಂದುಕೊಂಡಿರಬೇಕು ಇಬ್ಬರೂ, ಸೋಮಾರಿತನ ಅಲ್ಲ, ಮೊದಲ ದಿನ ಮಾಡಿದೆನಲ್ಲ, ಕುರ್ಚಿಯಿಂದ ಏಳುವಾಗ ಕಟಕ್ ಅಂತ ಸದ್ದಾಯಿತು, ಒಳಗೇನೋ ಮುರಿದೇ ಹೋಯಿತು ಅನ್ನಿಸಿ ಬೆವರು ಕಿತ್ತುಕೊಂಡು ಬಂತು, ಹೆದರಿದೆ, ಹೆದರಿದೆ ಅಂತ ಈ ವಯಸ್ಸಿನಲ್ಲಿ ಯಾರ ಹತ್ತಿರ ಹೇಳಲಿ.

ಪರದೆ ಸರಿಯಿತು, ಬಂದಳು, ಕೈಯಲ್ಲಿ ಅಳತೆಯ ಟೇಪು, ಬಿಸಿ ಚೀಲ ತೆಗೆದು ಮಂಡಿಚಿಪ್ಪಿನಿಂದ ಗೇಣು ಮೇಲಕ್ಕೆ ತೊಡೆಯ ಸುತ್ತ ಟೇಪು ಹಾಕಿದಳು, ಒಮ್ಮೆ ಅಲ್ಲ, ಎರಡು ಸಲ ಅಳೆದಳು, ಎರಡು ಸಲ ನೋಡುವುದೆಂದರೇನು ಅಂತ ನನಗೆ ಹೇಳಿಕೊಡಬೇಕೇ, ಮಡಿಚಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು, ಒತ್ತಿ ಸರ್, ಟವೆಲ್ ಹಾಸಿಗೆಗೆ ಅಂಟೋ ಹಾಗೆ ಒತ್ತಿ, ಒತ್ತಿದೆ, ತೊಡೆ ಥರಥರ ಅಂತು, ಅವಳ ಅಂಗೈ ಅದರ ಮೇಲೇ ಇದೆ, ಸುಳ್ಳು ಹೇಳಲು ತೊಡೆಗೆಲ್ಲಿ ಬರುತ್ತದೆ, ಬರೀ ಮಾಂಸ. ನನ್ನ ಕತ್ತು ಕಿಟಕಿಯ ಕಡೆ ತಿರುಗಿತು, ತಾನಾಗಿ, ಬಿಗಿಯಾಗಿ. ಮೂರು ವಾರ ವ್ಯಾಯಾಮ ಮಾಡಿದ ಕಾಲಲ್ಲ ಇದು ಸರ್, ಅಂದಳು, ದನಿ ಏರಲಿಲ್ಲ. ಸಿಕ್ಕಿಬಿದ್ದೆ, ಈಗ ಬರೆಯುತ್ತಾಳೆ, ಡಿಪೋಗೆ ಕಾಗದ ಹೋಗುತ್ತದೆ, ಕೊಡೆಗಳು, ಒಂಟಿ ಚಪ್ಪಲಿಗಳು — ನೋವಾಗತ್ತೆ ಮೇಡಂ, ಅಂದುಬಿಟ್ಟೆ, ಬಾಯಿಂದ ಜಾರಿತು, ಕಟಕ್ ಅನ್ನತ್ತೆ, ಹೆದರಿಕೆ ಆಗತ್ತೆ. ಈಗ ಕೇಳುತ್ತಾಳೆ, ಎಲ್ಲಿ, ಎಷ್ಟು, ಯಾವಾಗಿನಿಂದ, ಸಾಕ್ಷಿ ಏನು, ನಾನಾಗಿದ್ದರೆ ಕೇಳುತ್ತಿದ್ದೆ, ಅವಳು ಕೇಳಲಿಲ್ಲ, ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ ಸರ್, ಊತ ಇಲ್ಲ ಅಂದ್ರೆ ಆ ಸದ್ದಿಗೆ ಹೆದರಬೇಡಿ, ಮಾಡುವಾಗ ಸ್ವಲ್ಪ ನೋವು ಬಂದು ಮಾರನೇ ದಿನಕ್ಕೆ ಇಳಿದ್ರೆ ಪರವಾಗಿಲ್ಲ, ಇಳೀಲಿಲ್ಲ ಅಂದ್ರೆ ಕಮ್ಮಿ ಮಾಡೋಣ, ಕುರ್ಚಿ ತಗ್ಗಾಯ್ತು ನಿಮಗೆ, ತಾಳಿ, ಅಂತ ಮೂಲೆಯಿಂದ ಒಂದು ದಪ್ಪ ದಿಂಬು ತಂದು ಕುರ್ಚಿಯ ಮೇಲಿಟ್ಟಳು. ಅಷ್ಟೇ. ನಂಬಿಬಿಟ್ಟಳು. ಇದರಲ್ಲಿ ಏನೋ ಇದೆ, ಹೀಗೆ ಸುಮ್ಮನೆ ಯಾರು ನಂಬುತ್ತಾರೆ, ಒಬ್ಬ ಮನುಷ್ಯ ಮಂಡಿ ನೋವು ಅಂದ ತಕ್ಷಣ —

ಮಂಡಿ ಹಿಡ್ಕೊಂಡಿದೆ ಸ್ವಾಮಿ. ಯಾವ ವರ್ಷವೋ, ಎಷ್ಟನೇ ನಂಬರಿನ ಬಸ್ಸೋ, ಕಿಟಕಿ ಪಕ್ಕದ ಸೀಟು, ಐವತ್ತೈದರ ಹೆಂಗಸು, ಕಾಲ ಬುಡದಲ್ಲಿ ಬಟ್ಟೆಯ ಚೀಲ, ಟಿಕೆಟ್ ಚೀಲದಲ್ಲಿದೆ, ಬಗ್ಗೋಕಾಗ್ತಿಲ್ಲ, ನೀವೇ ತೆಕ್ಕೊಳಿ ಸ್ವಾಮಿ, ಅಂದಳು, ಪ್ರಯಾಣಿಕರ ಚೀಲ ನಾನು ಮುಟ್ಟೋದಿಲ್ಲಮ್ಮ, ನಾಟಕ ಬೇಡ, ಎದ್ದು ಹೊರಗೆ ಬನ್ನಿ, ಅಂದೆ, ಬಸ್ಸು ನಿಲ್ಲಿಸಿಯೇ ಅಂದೆ, ಎಲ್ಲರೂ ತಿರುಗಿ ನೋಡಿದರು, ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಎದ್ದಳು, ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು, ಗೆಣ್ಣುಗಳು ಒಂದೊಂದಾಗಿ ಬೆಳ್ಳಗಾದವು, ಯಾರೋ ಚೀಲ ಎತ್ತಿಕೊಟ್ಟರು, ಚೀಲದಲ್ಲಿ ಟಿಕೆಟ್ ಇತ್ತು, ಇತ್ತು, ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ, ಸರಿ ಇದೆ ಅಂದು ಇಳಿದುಹೋದೆ. ಇಷ್ಟು ವರ್ಷ ನೆನಪಾಗಿರಲಿಲ್ಲ, ಆಗಿರಲಿಲ್ಲ ಅನ್ನುವುದನ್ನೂ ಈಗ ನಂಬುವುದು ಕಷ್ಟ.

ಕೈ ಎದೆ ಮೇಲೆ ಕಟ್ಟಿಕೊಳ್ಳಿ ಸರ್, ಮೂಗು ಮುಂದೆ ಬರ್ಲಿ, ಏಳಿ, ಅಂತಿದ್ದಾಳೆ, ಎದ್ದೆ, ದಿಂಬಿನಿಂದ ಏಳುವುದು ಸುಲಭ, ಒಂದು, ಹಳೇ ಹಾಳೆ ಬಿಸಾಕಿ, ಹೊಸದು ಕೊಡ್ತೀನಿ, ಎರಡು, ಡಿಪೋಗೆ ಬರೀತೀರಾ, ನಾನು ಕೇಳಿದೆ, ಏನು ಬರೀಲಿ ಸರ್, ಇವತ್ತಿಂದ ಶುರು ಮಾಡಿದ್ರು ಅಂತ ಬರೀತೀನಿ, ಅದು ನಿಜ ತಾನೆ, ಮೂರು, ಕಟಕ್ ಅಂತು, ಮುರಿಯಲಿಲ್ಲ, ನಾಲ್ಕು, ತೊಡೆ ಉರಿಯುತ್ತಿದೆ, ಐದಕ್ಕೆ ಅರ್ಧ ಎದ್ದವನ ಕೈ ಎದೆ ಬಿಟ್ಟು ಎದುರಿನ ಉಕ್ಕಿನ ಕಂಬಿಯನ್ನು ಗಪ್ಪನೆ ಹಿಡಿಯಿತು, ಹಿಡ್ಕೊಳಿ, ಪರವಾಗಿಲ್ಲ ಅನ್ನುತ್ತಿದ್ದಾಳೆ, ನನಗೆ ಕೇಳಿಸುತ್ತಿಲ್ಲ, ಕಂಬಿಯ ಮೇಲೆ ನಾಲ್ಕು ಗೆಣ್ಣು, ಒಂದೊಂದಾಗಿ ಬೆಳ್ಳಗಾಗುತ್ತಿವೆ, ಒಂದೊಂದಾಗಿ, ನನ್ನ ಕೈಯಲ್ಲ, ಅವಳದು, ಆ ಬಸ್ಸಿನವಳದು, ಹೆಬ್ಬೆರಳಿಗೆ ಬಿಳಿ ಪಟ್ಟಿ —