ಶನಿವಾರ ಐದರಿಂದ ಒಂಬತ್ತು

"ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಮಗೆ ಹೃದಯದ ಪಾಠ ಹೇಳ್ತಾನೆ, ಎಲ್ಲರೂ ಕೇಳಿಸ್ಕೊಳ್ಳಿ," ಎಂದ ನಮ್ಮ ಯಜಮಾನ ಸಕಾರಿ, ನನ್ನತ್ತ ಬೆರಳು ತೋರಿಸಿ. ಬಂಡವಾಳ ಹಾಕಲು ಹೆಲ್ಸಿಂಕಿಯಿಂದ ಬಂದಿದ್ದ ನಾಲ್ವರು ಕಾಫಿ ಕಪ್ಪಿನೊಳಗೇ ನಕ್ಕರು. ನಮ್ಮ ನರ್ಸುಗಳು ನೆಲ ನೋಡಿದರು. "ರೀಕು, ನಿನ್ನ ಕೆಲಸ ಪಟ್ಟಿ ಅಂಟಿಸೋದು. ಹೋಗಿ ಅಂಟಿಸು."

ಕುವೊಪಿಯೊ ಊರಿನ ನಮ್ಮ ಕಂಪನಿ ರೋಗಿಗಳ ಎದೆಗೆ ಅಂಟಿಸುವ, ಹೃದಯದ ಬಡಿತ ಅಳೆಯುವ ಪಟ್ಟಿ ಮಾಡುತ್ತದೆ. ಕಾಡಿನಾಚೆಯ ಹಳ್ಳಿಯಲ್ಲಿ ಯಾರದಾದರೂ ಹೃದಯ ತಾಳ ತಪ್ಪಿದರೆ ಇಲ್ಲಿ ಗಂಟೆ ಹೊಡೆಯುತ್ತದೆ. ಆದರೆ ಶನಿವಾರ ಸಂಜೆ ಊರಿಗೆ ಊರೇ ಸೌನಾದಲ್ಲಿ, ಹಬೆಸ್ನಾನದ ಬಿಸಿ ಕೋಣೆಯಲ್ಲಿ, ಕೂತಿರುತ್ತದೆ. ನಮ್ಮ ರೋಗಿಗಳೂ ಪಟ್ಟಿಯನ್ನು ಕಿತ್ತಿಟ್ಟೇ ಒಳಗೆ ಹೋಗುತ್ತಾರೆ. ಪಟ್ಟಿ ಕಿತ್ತರೂ ಗಂಟೆ, ಎದೆ ನಿಂತರೂ ಗಂಟೆ. ರೋಸಿಹೋದ ಸಕಾರಿ ಕಳೆದ ವಾರದಿಂದ ಶನಿವಾರ ಐದರಿಂದ ಒಂಬತ್ತರವರೆಗೆ ಗಂಟೆಯನ್ನೇ ನಿಲ್ಲಿಸಿಬಿಟ್ಟ. ಸುಳ್ಳು ಗಂಟೆ ಅರ್ಧಕ್ಕರ್ಧ ಇಳಿಯಿತೆಂದು ಅತಿಥಿಗಳಿಗೆ ತೋರಿಸುತ್ತಿದ್ದ ಪ್ರಗತಿ ಇದೇ. ಸೌನಾಕ್ಕೆ ಹೋಗದೆ ಮನೆಯಲ್ಲಿ ಮಲಗಿದವರ ಗತಿಯೇನು ಎಂದು ನಾನು ಕೇಳಿದ್ದೆ, ಅಷ್ಟೇ.

"ಶನಿವಾರ ಸೌನಾಕ್ಕೆ ಹೋಗದೋನು ಈ ದೇಶದಲ್ಲಿ ಯಾವನಯ್ಯಾ ಇದಾನೆ?" ಎಂದ. ಮತ್ತೆ ನಗು.

ಒಬ್ಬನಿದ್ದ. ಮರ ಕಡಿಯುವ ಯಂತ್ರ ಓಡಿಸಿ ನಿವೃತ್ತನಾದ ನಮ್ಮ ರೋಗಿ ಔಲಿಸ್. ಅವನ ಸೌನಾ ಬಿಡಿಸಿದವನು ನಾನೇ.

"ಸೌನಾ ಬಿಟ್ಟಮೇಲೆ ಬದುಕಿ ಏನು ಕಡೀಬೇಕೋ?" ಎಂದು ಗೊಣಗಿದ್ದ, ನಾನು ಮೊದಲ ಸಲ ಪಟ್ಟಿ ಅಂಟಿಸಿದಾಗ.

"ಪಟ್ಟಿ ಕೀಳಬೇಡ ಅಜ್ಜ. ನಿನ್ನ ಎದೇನ ನಾವು ನೋಡ್ತಿರ್ತೀವಿ."

"ನನ್ನ ಹೆಂಡತೀನೇ ಐವತ್ತು ವರ್ಷದಿಂದ ನೋಡೋದು ಬಿಟ್ಟಿದಾಳೆ. ನೀವಾದ್ರೂ ನೋಡಿ."

ಸಕಾರಿ ಅಂದ ಮಾತು ಗುರುವಾರದ್ದು. ಅವತ್ತೇ ಔಲಿಸ್‌ಗೆ ಫೋನು ಮಾಡಿ, ಶನಿವಾರ ನಮ್ಮನ್ನು ನಂಬಬೇಡ ಅನ್ನಬಹುದಿತ್ತು. ಮಾಡಲಿಲ್ಲ. ಎರಡು ದಿನ ಸಕಾರಿಯ ಬಾಯಿಗೆ ತಕ್ಕ ಉತ್ತರ ಹುಡುಕುತ್ತ ಹಲ್ಲು ಕಡಿದೆ. ನನಗಿದ್ದದ್ದು ಅದೊಂದೇ ಯೋಚನೆ.

ಶನಿವಾರ ಸಂಜೆ ಆರೂಹತ್ತಕ್ಕೆ ಔಲಿಸ್‌ನ ಎದೆಬಡಿತದ ಗೆರೆ ನಮ್ಮ ಪರದೆಯ ಮೇಲೆ ಚೆದುರಿತು. ಇಪ್ಪತ್ತು ನಿಮಿಷ ಒದ್ದಾಡಿ ಚಪ್ಪಟೆಯಾಯಿತು. ಗಂಟೆ ಹೊಡೆಯಲಿಲ್ಲ. ಯಾರೂ ನೋಡಲಿಲ್ಲ; ನನಗೂ ತಿಳಿದದ್ದು ಆಮೇಲೆ, ದಾಖಲೆ ತೆಗೆದಾಗ.

ಸೋಮವಾರ ಔಲಿಸ್‌ನ ಮನೆಯಿಂದ ಪಟ್ಟಿಯ ಯಂತ್ರ ವಾಪಸು ತರಲು ನನ್ನನ್ನೇ ಕಳಿಸಿದರು. "ಸಿಗ್ನಲ್ ಸಿಗಲಿಲ್ಲ ಅನ್ನು, ಸಾಕು," ಎಂದ ಸಕಾರಿ.

ಔಲಿಸ್‌ನ ಹೆಂಡತಿ ಹಿಲ್ಕಾ ಕಾಫಿ ಸುರಿದು, ಏಲಕ್ಕಿ ಬನ್ನಿನ ತಟ್ಟೆ ನನ್ನ ಕಡೆ ಸರಿಸಿದಳು. ಯಂತ್ರವನ್ನು ಒರೆಸಿ, ಸೌನಾದ ಟವಲಿನಲ್ಲಿ ಸುತ್ತಿಟ್ಟಿದ್ದಳು.

"ಏಳು ಶನಿವಾರ ಸೌನಾ ಬಿಟ್ಟ, ನಿನ್ನ ಮಾತು ಕೇಳಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಒಬ್ಬಳೇ ಹೋಗಿದ್ದೆ. ಬಂದು ನೋಡಿದ್ರೆ ಮುಗಿದಿತ್ತು. ಆದ್ರೂ ಅವನು ಪೂರಾ ಒಂಟಿಯಾಗಿರಲಿಲ್ಲ, ಅಲ್ವಾ ತಮ್ಮಾ? ಅಲ್ಲಿ ನೀವು ನೋಡ್ತಿದ್ರಲ್ಲ. ಅವತ್ತು ನೋಡ್ತಿದ್ದೋರು ಯಾರು?"

ಟವಲಿನ ಗಂಟನ್ನು ಕಂಕುಳಿಗೆ ಸೇರಿಸಿ ಎದ್ದೆ. ಬಾಗಿಲ ಬಳಿ ಬಿಟ್ಟಿದ್ದ ಬೂಟಿನೊಳಗೆ ಕಾಲು ತೂರಿಸಿ, ಲೇಸು ಕೂಡ ಕಟ್ಟದೆ, ಅಂಗಳದ ಹಿಮ ತುಳಿಯುತ್ತ ಕಾರಿನ ಕಡೆ ನಡೆದೆ.